ಕಕ್ಕಡದ ಮಳೆಯಲ್ಲೂ ಕೈಗೆ ಸಿಗುವ ಗಿಟಾರ್

ಇಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನ ಕಾಫಿ ಬೆಳೆಯುವವರು. ಆದ್ದರಿಂದ ತೇವಾಂಶ ಎಂದರೇನು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾರ್ಚ್‌ಮೆಂಟ್, ಅಂದರೆ ತಿರುಳು ತೆಗೆದ ಬೀಜ, ಕಣದಲ್ಲಿ ಒಣಗಿ ಶೇ 10ಕ್ಕೆ ಇಳಿಯಬೇಕು, ರೊಬಸ್ಟಾ ಚೆರಿ, ಅಂದರೆ ಇಡೀ ಹಣ್ಣು, ಶೇ 11ಕ್ಕೆ. ಹಾಗೆ ಒಣಗಿಸಿ ಚೀಲ ಕಟ್ಟಿಟ್ಟ ಕಾಫಿಯೂ ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ನೀರು ಕುಡಿದಿರುತ್ತದೆ. ಕರಾವಳಿಯಲ್ಲಿ ಇದನ್ನೇ ಬೇಕೆಂದು ಮಾಡುತ್ತಾರೆ. ಬೀಜವನ್ನು ಗೋದಾಮಿನಲ್ಲಿ ಹರಡಿ ಮುಂಗಾರಿನ ಗಾಳಿಗೆ ಒಡ್ಡಿದರೆ ಅದು ಉಬ್ಬಿ, ಬಣ್ಣ ತಿರುಗಿ 'ಮಾನ್ಸೂನ್ಡ್ ಮಲಬಾರ್' ಆಗುತ್ತದೆ. ಗಿಟಾರಿನ ಮರಕ್ಕೂ ಅದೇ ಗಾಳಿ ಅದೇ ಕೆಲಸ ಮಾಡುತ್ತದೆ. ಕಾಫಿಗೆ ಅದರಿಂದ ಹೆಸರು ಬಂತು, ಗಿಟಾರಿಗೆ ಬರುವುದು ರಿಪೇರಿ.

ಕಾರ್ಖಾನೆಯಲ್ಲಿ ಗಿಟಾರ್ ಕಟ್ಟುವ ಕೋಣೆಯ ಆರ್ದ್ರತೆಯನ್ನು ಶೇ 45–50ರಲ್ಲಿ ಹಿಡಿದಿಡುತ್ತಾರೆ. ಮರ ಆ ಹದಕ್ಕೆ ಒಗ್ಗಿದ ಮೇಲೆಯೇ ಅಂಟು ಹಾಕುತ್ತಾರೆ. ಕಕ್ಕಡ ತಿಂಗಳಲ್ಲಿ, ಅಂದರೆ ನಮ್ಮ ಕೊಡಗಿನ ಜುಲೈ–ಆಗಸ್ಟ್‌ನ ಮಳೆಯಲ್ಲಿ, ಮಡಿಕೇರಿಯ ಯಾವುದಾದರೂ ಮನೆಯೊಳಗೆ ಅಳೆದು ನೋಡಿ, ಜಡಿಮಳೆಯ ದಿನ ಶೇ 85ಕ್ಕಿಂತ ಕಮ್ಮಿ ಸಿಗುವುದು ಕಷ್ಟ. ಅಂಗಡಿಯಲ್ಲಿ ಹೆಚ್ಚಾಗಿ ಕಾಣುವ ದೊಡ್ಡ ಹೊಟ್ಟೆಯ ಗಿಟಾರ್ ಇದೆಯಲ್ಲ, ಡ್ರೆಡ್‌ನಾಟ್ ಅನ್ನುವುದು, ಅದರ ಟಾಪ್, ಅಂದರೆ ಮುಂಭಾಗದ ಹಲಗೆ, ಅಗಲವಾದ ಜಾಗದಲ್ಲಿ ಸುಮಾರು 400 ಮಿಲಿಮೀಟರ್ ಇರುತ್ತದೆ. ಅದು ಸ್ಪ್ರೂಸ್ ಮರದ ಅಸಲಿ ಹಲಗೆಯಾಗಿದ್ದು, ತಡೆಯುವಂಥದ್ದು ಏನೂ ಇಲ್ಲದಿದ್ದರೆ, ಆರ್ದ್ರತೆ ಶೇ 45ರಿಂದ 85ಕ್ಕೆ ಏರಿ ನಿಂತಾಗ ಅಡ್ಡಗಲಕ್ಕೆ ನಾಲ್ಕೈದು ಮಿಲಿಮೀಟರ್ ಹಿಗ್ಗುತ್ತದೆ. ಆದರೆ ತಡೆ ಇದೆ. ಒಳಗಡೆ ಹಲಗೆಗೆ ಅಡ್ಡಲಾಗಿ ಅಂಟಿಸಿದ ಮರದ ಪಟ್ಟಿಗಳಿವೆ, ಸುತ್ತಲೂ ಅಂಚು ಹಿಡಿದುಕೊಂಡಿದೆ. ಮರ ಎಳೆಯ ಅಡ್ಡಕ್ಕೆ ಹಿಗ್ಗುತ್ತದೆಯೇ ಹೊರತು ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಪಟ್ಟಿಗಳು ಇದ್ದಷ್ಟೇ ಇರುತ್ತವೆ, ಹಲಗೆ ಬೇರೆ ದಾರಿಯಿಲ್ಲದೆ ಮೇಲಕ್ಕೆ ಉಬ್ಬುತ್ತದೆ. ಅದರ ಮೇಲೆ ಕೂತ ಬ್ರಿಡ್ಜೂ, ಅಂದರೆ ತಂತಿಗಳ ಬುಡ ಹಿಡಿದಿಡುವ ಮರದ ತುಂಡೂ, ಏಳುತ್ತದೆ, ಬ್ರಿಡ್ಜ್ ಜೊತೆಗೆ ತಂತಿಗಳೂ ಏಳುತ್ತವೆ. ಮಾರ್ಚ್‌ನಲ್ಲಿ ಸಲೀಸಾಗಿ ಒತ್ತುತ್ತಿದ್ದ ಎಫ್ ಕಾರ್ಡ್, ಅಂದರೆ ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಸ್ವರಗುಚ್ಛ, ಜುಲೈಯಲ್ಲಿ ಬೆರಳು ಕೊಯ್ಯುತ್ತದೆ. ಕಲಿಯುವ ಮಕ್ಕಳು ಅದನ್ನು ತಮ್ಮ ಕೈಯ ಸೋಲೆಂದು ತಿಳಿದು ಗಿಟಾರನ್ನು ಅಟ್ಟಕ್ಕೆ ಏರಿಸುತ್ತಾರೆ. ಕೈಯದ್ದೇನೂ ತಪ್ಪಿರುವುದಿಲ್ಲ, ಅದಕ್ಕೇ ಇದು ನೋವಿನ ಸಂಗತಿ.

ಜನವರಿಯಿಂದ ಮಾರ್ಚ್‌ವರೆಗೆ ಇದರ ತಿರುವು ಮುರುವು. ಕಾಫಿ ಒಣಗುವ ಬಿಸಿಲಿನಲ್ಲಿ ಮರವೂ ಒಣಗುತ್ತದೆ. ಉಬ್ಬಿದ ಹಲಗೆ ಕುಗ್ಗುತ್ತದೆ, ತಂತಿ ತಗ್ಗಿ ಫ್ರೆಟ್‌ಗೆ, ಅಂದರೆ ಬೆರಳೊತ್ತುವ ಹಲಗೆಯ ಮೇಲಿನ ಲೋಹದ ಅಡ್ಡಪಟ್ಟಿಗೆ, ತಾಗಿ ಜರ್ ಎನ್ನುತ್ತದೆ. ಆ ಹಲಗೆ, ಅಂದರೆ ಫ್ರೆಟ್‌ಬೋರ್ಡ್, ಕಿರಿದಾದಾಗ ಲೋಹದ ಫ್ರೆಟ್ ಕಿರಿದಾಗುವುದಿಲ್ಲವಲ್ಲ, ಅದರ ತುದಿಗಳು ಪಕ್ಕದಲ್ಲಿ ಮುಳ್ಳಿನ ಹಾಗೆ ಹೊರಗೆ ಬರುತ್ತವೆ. ನಮ್ಮಲ್ಲಿ ಒಣಗಾಲಕ್ಕಿಂತ ಮಳೆಗಾಲದ ಏಟೇ ದೊಡ್ಡದು. ಆದರೆ ಒಂದೇ ಗಿಟಾರ್ ಪ್ರತಿ ವರ್ಷ ಎರಡೂ ತುದಿಗೆ ಹೋಗಿ ಬರುತ್ತದೆ ಎಂಬುದು ನೆನಪಿರಲಿ. ಅಂಟು ಬಿಡುವುದು ಈ ಹೋಗಿಬರುವಿಕೆಯಿಂದ.

ಇನ್ನೊಂದು ವಿಷಯ. ಕೊಡಗಿಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಬ್ರಿಡ್ಜ್ ಕಿತ್ತುಬಂದರೆ ಒಯ್ದು ಕೊಡಲು ಒಂದು ದಿನ, ತರಲು ಇನ್ನೊಂದು ದಿನ, ನಡುವೆ ಮೂರು ವಾರ. ಆದ್ದರಿಂದ ನಿತ್ಯ ನುಡಿಸುವ ಗಿಟಾರಿಗೆ ನಾನು ಹಾಕುವ ಷರತ್ತುಗಳು ಮೂರೇ. ಮಳೆಗಾಲದಲ್ಲಿ ಪೆಟ್ಟಿಗೆಯ ಹೊರಗೆ ಇಡಲು ಹೆದರಿಕೆಯಾಗಬಾರದು. ಕೆಟ್ಟರೆ ಮುಕ್ಕಾಲು ಪಾಲು ಮನೆಯಲ್ಲೇ ಸರಿಪಡಿಸುವಂತಿರಬೇಕು. ಬಿದ್ದು ಮುರಿದರೆ ಮನೆಯಲ್ಲಿ ಜಗಳವಾಗದಷ್ಟು ಬೆಲೆ ಇರಬೇಕು.

ಇಷ್ಟಕ್ಕೂ ಒದಗುವುದು ಪ್ಲೈ ಗಿಟಾರ್. ಈ ಮಾತು ಹೇಳಿದಾಗ ಮುಖ ಸಣ್ಣದಾಗುವುದನ್ನು ನೋಡಿದ್ದೇನೆ. ಪ್ಲೈ ಎಂದರೆ ಕಳಪೆ, ಇಡೀ ಮರ ಎಂದರೆ ಉತ್ತಮ ಎಂಬ ಲೆಕ್ಕ ನಮ್ಮ ಮನಸ್ಸಿಗೆ ಬಾಗಿಲು, ಮಂಚಗಳಿಂದ ಬಂದದ್ದು. ಗಿಟಾರಿನ ಪ್ಲೈ ಎಂದರೆ ಮೂರು ತೆಳು ಪದರ. ನಡುವಿನ ಪದರದ ಎಳೆ ಮೇಲಿನ ಕೆಳಗಿನ ಪದರಗಳಿಗೆ ಅಡ್ಡಲಾಗಿರುತ್ತದೆ. ಹೊರ ಪದರಗಳು ಅಡ್ಡಕ್ಕೆ ಹಿಗ್ಗಲು ಹೋದರೆ ನಡುವಿನದು ಹಿಡಿದು ನಿಲ್ಲಿಸುತ್ತದೆ. ಅದಕ್ಕೇ ಅದು ಕಡಿಮೆ ಉಬ್ಬುತ್ತದೆ, ಬೇಸಿಗೆಯಲ್ಲಿ ಸೀಳು ಬಿಡುವುದೂ ಅಪರೂಪ. ಅದಕ್ಕೆ ಬೆಲೆ ತೆರುವುದು ನಾದದಲ್ಲಿ. ಇಡೀ ಹಲಗೆ ಹಗುರಾಗಿ, ಚುರುಕಾಗಿ ಮಿಡಿಯುತ್ತದೆ, ಮೆಲ್ಲಗೆ ಮೀಟಿದರೂ ತುಂಬಿ ಬರುತ್ತದೆ. ಪ್ಲೈಯ ಅಂಟು ಮತ್ತು ಅಡ್ಡ ಪದರ ಆ ಮಿಡಿತದ ಒಂದು ಪಾಲನ್ನು ನುಂಗುತ್ತದೆ. ಈ ವ್ಯತ್ಯಾಸ ನಿಜ. ಮೌನವಾದ ಕೋಣೆಯಲ್ಲಿ, ಮೈಕಿನ ಮುಂದೆ ಚೆನ್ನಾಗಿ ಕೇಳಿಸುತ್ತದೆ. ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಕೂತು ನಾಲ್ಕು ಜನ ಹಾಡುವಲ್ಲಿ ಕೇಳಿಸುವುದಿಲ್ಲ. ಅಲ್ಲದೆ ಶೇ 85ರ ಗಾಳಿಯಲ್ಲಿ ನೀರು ಕುಡಿದು ಭಾರವಾದ ಇಡೀ ಹಲಗೆಯೂ ಮಂಕಾಗಿಯೇ ನುಡಿಯುತ್ತದೆ. ಕೊಟ್ಟ ದುಬಾರಿ ಹಣದ ನಾದ ವರ್ಷದಲ್ಲಿ ನಾಲ್ಕು ತಿಂಗಳು ಮನೆಯಲ್ಲಿ ಇರುವುದಿಲ್ಲ.

ಪ್ಲೈ ಗಿಟಾರಿಗೆ ಮರ್ಯಾದೆಯ ಇತಿಹಾಸವೂ ಇದೆ. ಯಮಹಾ ಕಂಪನಿ 1966ರಲ್ಲಿ ಎಫ್‌ಜಿ ಸಾಲಿನ ಮೊದಲ ಗಿಟಾರುಗಳನ್ನು ತಂದಾಗ ಅವು ಪ್ಲೈ ಟಾಪಿನವು, ವಿದ್ಯಾರ್ಥಿಗಳ ಕೈಗೆ ಎಟುಕುವ ಬೆಲೆಯವು. 1969ರಲ್ಲಿ ಅಮೆರಿಕದ ವುಡ್‌ಸ್ಟಾಕ್ ಸಂಗೀತ ಉತ್ಸವದಲ್ಲಿ ಗಾಯಕ ಕಂಟ್ರಿ ಜೋ ಮೆಕ್‌ಡೊನಾಲ್ಡ್ ಒಬ್ಬರೇ ವೇದಿಕೆಗೆ ಬಂದು ನುಡಿಸಿದ್ದು ಆ ಸಾಲಿನ ಎಫ್‌ಜಿ150. ಅದೇ 1966ರಲ್ಲಿ ಅಮೆರಿಕದಲ್ಲಿ ಹೆಲಿಕಾಪ್ಟರ್ ಎಂಜಿನಿಯರ್ ಚಾರ್ಲ್ಸ್ ಕಾಮನ್ ಅವರ ಕಂಪನಿ ಹಿಂಬದಿಗೆ ಮರವನ್ನೇ ಬಿಟ್ಟು, ಗಾಜಿನ ನಾರಿನ ಬಟ್ಟಲು ಹಾಕಿ ಓವೇಷನ್ ಗಿಟಾರ್ ಮಾಡಿತು. ಹೆಲಿಕಾಪ್ಟರಿನ ರೆಕ್ಕೆಗಳಿಗಾಗಿ ಕಲಿತ ವಿದ್ಯೆ ಅದು. 1833ರಿಂದ ಗಿಟಾರ್ ಕಟ್ಟುತ್ತಿರುವ ಮಾರ್ಟಿನ್ ಕಂಪನಿಯೇ 1990ರ ದಶಕದ ಕೊನೆಯಿಂದ ಎಚ್‌ಪಿಎಲ್ ಬಳಸುತ್ತಿದೆ. ಎಚ್‌ಪಿಎಲ್ ಎಂದರೆ ಗಾಬರಿಯಾಗಬೇಡಿ. ರಾಳದಲ್ಲಿ ನೆನೆಸಿದ ಕಾಗದಗಳನ್ನು ಪದರ ಪದರವಾಗಿ ಒತ್ತಿ ಮಾಡಿದ ಹಾಳೆ, ನಮ್ಮ ಅಡುಗೆಮನೆಯ ಕಪಾಟಿಗೆ ಹಾಕುವ ಸನ್‌ಮೈಕಾದ ಜಾತಿ. ನೀರಿಗೆ ಜಗ್ಗುವುದಿಲ್ಲ. ಈಚೆಗೆ ಕಾರ್ಬನ್ ನಾರಿನ ಗಿಟಾರುಗಳೂ ಬಂದಿವೆ. ಮಳೆಗೆ ಅವುಗಳಷ್ಟು ಗಟ್ಟಿ ಬೇರೆ ಇಲ್ಲ, ಆದರೆ ಒಳ್ಳೆಯವು ಇವತ್ತು ನಾವು ಮಾತಾಡುತ್ತಿರುವ ಬೆಲೆಯಲ್ಲಿ ಸಿಗುವುದಿಲ್ಲ.

ಮಾತು ಮರದ ಮೇಲೆ ಬಂದದ್ದರಿಂದ ಒಂದು ಅಡ್ಡದಾರಿ. ಜಗತ್ತಿನ ಒಳ್ಳೊಳ್ಳೆಯ ಗಿಟಾರುಗಳ ಬೆನ್ನಿಗೂ ಫ್ರೆಟ್‌ಬೋರ್ಡಿಗೂ ಹಾಕುವ ಇಂಡಿಯನ್ ರೋಸ್‌ವುಡ್ ಯಾವುದು ಗೊತ್ತಲ್ಲ? ನಮ್ಮ ಬೀಟೆ. ತೋಟದಲ್ಲಿ ಕಾಫಿಗೆ ನೆರಳು ಕೊಟ್ಟು ನಿಂತಿದೆಯಲ್ಲ, ಅದೇ ಜಾತಿ. ಬ್ರೆಜಿಲ್ ದೇಶ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತನ್ನು ಬಿಗಿ ಮಾಡಿದ ಮೇಲೆ, 1969ರ ಸುಮಾರಿಗೆ, ಮಾರ್ಟಿನ್ ಕಂಪನಿ ಬೀಟೆಗೆ ತಿರುಗಿತು, ಉಳಿದವರೂ ಹಿಂಬಾಲಿಸಿದರು. ಅಲ್ಲಿಯವರೆಗೆ ಎರಡನೆಯ ದರ್ಜೆ ಎನಿಸಿಕೊಂಡಿದ್ದ ಮರ ಮಾನದಂಡವೇ ಆಗಿಹೋಯಿತು. 2017ರ ಜನವರಿಯಲ್ಲಿ ಅಪಾಯದಲ್ಲಿರುವ ಗಿಡ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದಡಿ ಬೀಟೆಯ ಕುಲದ ಎಲ್ಲ ಮರಗಳಿಗೂ ಪರವಾನಗಿ ಬೇಕಾಯಿತು. ಕಡಿಮೆ ಬೆಲೆಯ ಗಿಟಾರ್ ಮಾಡುವವರು ವಾಲ್‌ನಟ್‌ನಂಥ ಬೇರೆ ಮರಗಳಿಗೆ ಹೋದದ್ದು ಆಗಲೇ. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆದ್ದರಿಂದ ಹೊಸ ಗಿಟಾರಿನ ಫ್ರೆಟ್‌ಬೋರ್ಡ್ ಬೀಟೆಯದ್ದಲ್ಲ ಎಂದು ಕೊರಗಬೇಡಿ. ವಾಲ್‌ನಟ್ ಸಹ ಗಟ್ಟಿಯೇ. ಎಚ್ಚರವಿರಬೇಕಾದ್ದು ಕಪ್ಪು ಬಣ್ಣ ಬಳಿದು ಮುಚ್ಚಿದ ಮೆದು ಮರದ ಬಗ್ಗೆ. ಬೆವರಿಗೆ ಬಣ್ಣ ಬೆರಳಿಗೆ ಹತ್ತಿದರೆ ಅದು ಅಂಥದ್ದು.

ಈಗ ಅಂಗಡಿಗೆ ಹೋಗೋಣ. ಮೂರು ನಾಲ್ಕು ಸಾವಿರ ರೂಪಾಯಿಗೆ ಸಿಗುವ ಗಿಟಾರುಗಳನ್ನು ಬಿಟ್ಟುಬಿಡಿ. ಅವುಗಳ ಪ್ಲೈಯಲ್ಲಿ ದೋಷವಿಲ್ಲ, ನೆಕ್‌ನಲ್ಲಿ, ಅಂದರೆ ಕುತ್ತಿಗೆಯಲ್ಲಿ, ಇದೆ. ನೆಕ್ ಒಳಗೆ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳು ಇರಬೇಕು, ತಿರುಗಿಸಿದರೆ ನೆಕ್ ಬಾಗು ಹೆಚ್ಚು ಕಡಿಮೆ ಆಗಬೇಕು. ಆ ಬೆಲೆಯಲ್ಲಿ ಅದು ಇರುವುದಿಲ್ಲ, ಇದ್ದರೂ ಎಷ್ಟೋ ಸಲ ತಿರುಗುವುದಿಲ್ಲ. ಪ್ಲೈ ಗಿಟಾರಿನ ಆಯುಸ್ಸು ಮುಗಿಯುವುದು ಹೊಟ್ಟೆಯಿಂದಲ್ಲ, ಕುತ್ತಿಗೆಯಿಂದ. ಎಂಟರಿಂದ ಹದಿನೈದು ಸಾವಿರದ ನಡುವೆ ಹುಡುಕಿ. ಯಮಹಾ ಎಫ್310 ಈ ಮಟ್ಟದ ಪರಿಚಿತ ಉದಾಹರಣೆ: ಟಾಪ್ ಪ್ಲೈ, ಪಕ್ಕ ಬೆನ್ನು ಪ್ಲೈ, ನುಡಿಯುವ ತಂತಿಯ ಉದ್ದ 634 ಮಿ.ಮೀ. ಸಾಮಾನ್ಯ ಡ್ರೆಡ್‌ನಾಟಿನ 648ಕ್ಕಿಂತ ಸ್ವಲ್ಪ ಗಿಡ್ಡ, ಹಾಗಾಗಿ ಎಳೆತವೂ ಸ್ವಲ್ಪ ಕಮ್ಮಿ. ಎಫ್‌ಜಿ800 ಅದರ ಮೇಲಿನದು. ಅದರಲ್ಲಿ ಟಾಪ್ ಮಾತ್ರ ಇಡೀ ಸ್ಪ್ರೂಸ್, ಉಳಿದದ್ದು ಪ್ಲೈ. ಕುಶಾಲನಗರದ ಕಡೆ ಮಳೆ ಕಮ್ಮಿ, ಅಲ್ಲಿಯವರು ಧೈರ್ಯವಾಗಿ ಇದನ್ನು ತೆಗೆದುಕೊಳ್ಳಬಹುದು. ಮಳೆ ಜಾಸ್ತಿಯಿರುವ ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ನನ್ನ ಮತ ಪೂರ್ತಿ ಪ್ಲೈಗೇ.

ಹೋಗುವಾಗ ಎರಡು ವಸ್ತು ಜೇಬಿನಲ್ಲಿರಲಿ: 30 ಸೆಂ.ಮೀ.ನ ಸ್ಟೀಲ್ ಸ್ಕೇಲು, ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸರಿಮಾಡಲು ಬಳಸುವ, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜು. ನೆಕ್‌ನ ಪಕ್ಕದಲ್ಲಿ ಬೆರಳು ಸವರಿ, ಫ್ರೆಟ್ ತುದಿ ಚುಚ್ಚಬಾರದು. ಸ್ಕೇಲನ್ನು ಫ್ರೆಟ್‌ಗಳ ಮೇಲೆ ಉದ್ದಕ್ಕೆ ಇಟ್ಟು ಬ್ರಿಡ್ಜ್ ಕಡೆಗೆ ಸರಿಸಿ. ಅದರ ತುದಿ ಬ್ರಿಡ್ಜಿನ ಮರದ ಮೇಲಂಚಿಗೆ ಸರಿಯಾಗಿ ಬರಬೇಕು. ಬ್ರಿಡ್ಜಿನ ಎದೆಗೆ ಗುದ್ದಿದರೆ ನೆಕ್ ಕೂತ ಕೋನವೇ ತಪ್ಪಿದೆ, ಆ ಗಿಟಾರನ್ನು ಅಲ್ಲೇ ಬಿಡಿ. ಈ ಬೆಲೆಯ ಗಿಟಾರಿಗೆ ನೆಕ್ ಕಿತ್ತು ಕೂರಿಸುವ ಖರ್ಚು ಗಿಟಾರಿನ ಬೆಲೆಗೆ ಸಮ. ಆಮೇಲೆ ಬ್ರಿಡ್ಜಿನ ಹಿಂದಿನ ಅಂಚಿಗೆ ಒಂದು ಕಾಗದದ ಮೂಲೆ ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಡಲು ಶುರುವಾಗಿದೆ. ಹಳೆಯ ಗಿಟಾರ್ ಕೊಳ್ಳುವವರು ಈ ಎರಡು ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಮೈಮೇಲಿನ ಗೀರು, ಬಣ್ಣ ಹೋದದ್ದು ಇವನ್ನೆಲ್ಲ ನೋಡದಿದ್ದರೂ ನಡೆಯುತ್ತದೆ.

ಹೊಸ ಗಿಟಾರ್ ಕಾರ್ಖಾನೆಯಿಂದ ಬರುವಾಗ ತಂತಿಗಳು ಬೇಕಾದ್ದಕ್ಕಿಂತ ಎತ್ತರದಲ್ಲೇ ಇರುತ್ತವೆ. ಜರ್ ಎಂಬ ದೂರು ಬಾರದಿರಲಿ ಎಂದು ಹಾಗೆ ಕಳಿಸುತ್ತಾರೆ. ಅದನ್ನು ಹದಕ್ಕೆ ತರುವುದಕ್ಕೆ ಸೆಟಪ್ ಎನ್ನುತ್ತಾರೆ. ಹತ್ತು ಸಾವಿರದ ಗಿಟಾರಿಗೂ ಮೂವತ್ತು ಸಾವಿರದ್ದಕ್ಕೂ ಕೈಗೆ ತಿಳಿಯುವ ವ್ಯತ್ಯಾಸದಲ್ಲಿ ಬಹುಪಾಲು ಇದೇ. ಮರಕ್ಕೆ ಹಾಕುವ ಹಣವನ್ನು ಇದಕ್ಕೆ ಹಾಕಿ ಎಂಬುದೇ ನಾನು ಇವತ್ತು ಹೇಳಬೇಕೆಂದು ಬಂದದ್ದು. ಮಾಡುವ ಕ್ರಮ ಮುಖ್ಯ: ಮೊದಲು ನೆಕ್, ಆಮೇಲೆ ನಟ್ (ಗಿಟಾರಿನ ತಲೆಯ ಬುಡದಲ್ಲಿ ತಂತಿಗಳು ಕೂರುವ ಕಚ್ಚುಗಳ ಪಟ್ಟಿ), ಕೊನೆಗೆ ಸ್ಯಾಡಲ್ (ಬ್ರಿಡ್ಜಿನ ಮೇಲೆ ತಂತಿಗಳನ್ನು ಹೊರುವ ಪಟ್ಟಿ). ಹಿಂದುಮುಂದಾದರೆ ಮಾಡಿದ್ದೆಲ್ಲ ಮತ್ತೆ ಮಾಡಬೇಕು.

ನೆಕ್‌ಗೆ: ಗಿಟಾರ್ ಶ್ರುತಿಯಲ್ಲಿರಲಿ. ದಪ್ಪ ತಂತಿಯನ್ನು ಒಂದನೇ ಫ್ರೆಟ್‌ನಲ್ಲೂ ಹದಿನಾಲ್ಕನೇ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ಏಳನೇ ಫ್ರೆಟ್‌ಗೂ ತಂತಿಗೂ ನಡುವೆ ಫೀಲರ್ ಗೇಜ್ ತೂರಿಸಿ. 0.1ರಿಂದ 0.25 ಮಿ.ಮೀ. ಇದ್ದರೆ ಸರಿ. ಜಾಸ್ತಿಯಿದ್ದರೆ ಟ್ರಸ್ ರಾಡನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿ ಮಾಡಬೇಕು, ಸಂದೇ ಇಲ್ಲದಿದ್ದರೆ ಸಡಿಲಿಸಬೇಕು. ಸಾಮಾನ್ಯವಾಗಿ 4 ಅಥವಾ 5 ಮಿ.ಮೀ. ಅಲೆನ್ ಕೀ ಹಿಡಿಸುತ್ತದೆ, ನಾದರಂಧ್ರದ ಒಳಗೆ ಇಲ್ಲವೇ ತಲೆಯ ಕಡೆ ಮುಚ್ಚಳದ ಕೆಳಗೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಒಂದಿಷ್ಟು ಹೊತ್ತು ಬಿಟ್ಟು ಅಳೆಯಿರಿ. ಜೋರು ಹಾಕಿದರೂ ತಿರುಗದಿದ್ದರೆ ನಿಲ್ಲಿಸಿ. ಸರಳಿನ ತಿರುಪು ಕಿತ್ತುಹೋದರೆ ಮತ್ತೆ ಉಪಾಯವಿಲ್ಲ.

ನಟ್‌ಗೆ: ಪ್ರತಿ ತಂತಿಯನ್ನೂ ಮೂರನೇ ಫ್ರೆಟ್‌ನಲ್ಲಿ ಒತ್ತಿ, ಒಂದನೇ ಫ್ರೆಟ್‌ನ ಮೇಲೆ ಇಣುಕಿ ನೋಡಿ. ಒಂದು ಕಾಗದ ಹಿಡಿಸುವಷ್ಟು ಸಂದು ಸಾಕು. ಅದಕ್ಕಿಂತ ಹೆಚ್ಚಿದ್ದರೆ ಸಿ, ಎಫ್ ಕಾರ್ಡುಗಳು ಸುಮ್ಮನೆ ಕಷ್ಟವಾಗುತ್ತವೆ, ಶ್ರುತಿಯೂ ಮೇಲೆ ಹೋಗುತ್ತದೆ. ನಟ್ ತೋಡುವ ಅರಗಳು ದುಬಾರಿ. ಬದಲಿಗೆ ಗ್ಯಾಸ್ ವೆಲ್ಡಿಂಗ್‌ನವರು ನಳಿಕೆಯ ತೂತು ಸ್ವಚ್ಛ ಮಾಡುವ ಗರಗಸದಂಥ ಸೂಜಿಗಳ ಕಟ್ಟು ಸಿಗುತ್ತದೆ, ದಪ್ಪ ತೆಳು ಎಲ್ಲ ಅಳತೆಯೂ ಅದರಲ್ಲಿದೆ. ನಾಲ್ಕು ಸಲ ಉಜ್ಜುವುದು, ತಂತಿ ಕೂರಿಸಿ ನೋಡುವುದು, ಮತ್ತೆ ನಾಲ್ಕು ಸಲ. ಆಳ ಹೆಚ್ಚಾಗಿ ಖಾಲಿ ತಂತಿ ಜರ್ ಎನ್ನತೊಡಗಿದರೆ ಆ ಕಚ್ಚಿಗೆ ಒಂದು ಚಿಟಿಕೆ ಅಡುಗೆ ಸೋಡಾ ತುಂಬಿ, ಒಂದು ಹನಿ ಸೂಪರ್ ಗ್ಲೂ ಬಿಡಿ. ಕ್ಷಣದಲ್ಲಿ ಕಲ್ಲಾಗುತ್ತದೆ. ಮತ್ತೆ ಹೊಸದಾಗಿ ತೋಡಬಹುದು.

ಸ್ಯಾಡಲ್‌ಗೆ ಲೆಕ್ಕ ಬೇಕು. ಹನ್ನೆರಡನೇ ಫ್ರೆಟ್‌ನ ತಲೆಯಿಂದ ತಂತಿಯ ತಳಕ್ಕೆ ಅಳೆಯಿರಿ. ದಪ್ಪ ತಂತಿಗೆ 2.4, ತೆಳು ತಂತಿಗೆ 1.8 ಮಿ.ಮೀ. ಇದ್ದರೆ ನಿತ್ಯದ ಕೈಗೆ ಹಿತ. ಈಗ 3.2 ಇದೆ ಎಂದುಕೊಳ್ಳಿ, 0.8 ಇಳಿಸಬೇಕು. ಹನ್ನೆರಡನೇ ಫ್ರೆಟ್ ತಂತಿಯ ನಟ್ಟ ನಡುವೆ ಇರುವುದರಿಂದ ಸ್ಯಾಡಲ್ ತುದಿಯಲ್ಲಿ ಅದರ ಎರಡರಷ್ಟು, ಅಂದರೆ 1.6 ಮಿ.ಮೀ. ತೆಗೆಯಬೇಕು. ತಂತಿ ಸಡಿಲಿಸಿ ಸ್ಯಾಡಲನ್ನು ಇಕ್ಕಳದಿಂದ ನೇರ ಮೇಲಕ್ಕೆ ಎತ್ತಿ. ತಳದಿಂದ ಅಳೆದು ಚೂಪು ಪೆನ್ಸಿಲಿನಲ್ಲಿ ಗೆರೆ ಹಾಕಿ. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ 150 ನಂಬರಿನ ಉಪ್ಪುಕಾಗದ ಅಂಟಿಸಿ, ಸ್ಯಾಡಲಿನ ತಳವನ್ನು ನೆಟ್ಟಗೆ ಹಿಡಿದು ಉಜ್ಜಿ. ಮೇಲ್ಭಾಗ ಮುಟ್ಟಬೇಡಿ. ಮೊದಲ ಸಲ ಒಂದೇ ಮಿಲಿಮೀಟರ್ ತೆಗೆದು, ತಂತಿ ಬಿಗಿದು ನೋಡಿ, ಆಮೇಲೆ ಉಳಿದದ್ದು. ತಳ ಓರೆಯಾದರೆ ಸ್ಯಾಡಲ್ ಮುಂದಕ್ಕೆ ವಾಲಿ ನಾದ ಸಾಯುತ್ತದೆ. ಬ್ರಿಡ್ಜಿನ ಮೇಲೆ ಕನಿಷ್ಠ 3 ಮಿ.ಮೀ. ಉಳಿಯಲೇಬೇಕು, ಇಲ್ಲವಾದರೆ ತಂತಿ ಅದನ್ನು ಗಟ್ಟಿಯಾಗಿ ಅದುಮುವುದಿಲ್ಲ. ಪ್ಲಾಸ್ಟಿಕ್ ಸ್ಯಾಡಲ್ ಬದಲು ಎಲುಬಿನದು ಹಾಕಿದರೆ ಇನ್ನೂ ಚೆನ್ನ. ಪ್ಲೈ ಗಿಟಾರಿನ ನಾದವನ್ನು ಕೆಲವೇ ನೂರು ರೂಪಾಯಿಯಲ್ಲಿ ಇಷ್ಟು ತಿಳಿಗೊಳಿಸುವ ಬದಲಾವಣೆ ಬೇರೆ ಇಲ್ಲ.

ಇಲ್ಲಿ ಕೊಡಗಿಗೆಂದೇ ಹೇಳಬೇಕಾದ್ದಿದೆ. ಇಡೀ ಮರದ ಟಾಪ್ ಇರುವವರು ಜುಲೈಯಲ್ಲಿ ತಂತಿ ಎತ್ತರವಾಯಿತೆಂದು ಇರುವ ಒಂದೇ ಸ್ಯಾಡಲನ್ನು ಉಜ್ಜಿಬಿಡುತ್ತಾರೆ. ಪುತ್ತರಿ ಸುಗ್ಗಿ ಹಬ್ಬ ಕಳೆದು ಚಳಿ ಒಣಗುತ್ತಿದ್ದಂತೆ ಉಬ್ಬು ಇಳಿಯುತ್ತದೆ, ತಂತಿ ಎಲ್ಲ ಕಡೆ ಜರ್ ಎನ್ನುತ್ತದೆ. ಉಜ್ಜಿದ್ದು ವಾಪಸ್ ಬರುವುದಿಲ್ಲ. ಆದ್ದರಿಂದ ಎರಡು ಸ್ಯಾಡಲ್ ಇಟ್ಟುಕೊಳ್ಳಿ. ಒಂದನ್ನು ಜನವರಿಯಲ್ಲಿ ಹದ ಮಾಡಿ, ತಳದಲ್ಲಿ 'ಬೇ' ಎಂದು ಬರೆಯಿರಿ. ಇನ್ನೊಂದನ್ನು ಜುಲೈ ಮಧ್ಯದಲ್ಲಿ, ಉಬ್ಬು ನಿಂತ ಮೇಲೆ, ಹದ ಮಾಡಿ 'ಮ' ಎಂದು ಬರೆಯಿರಿ. ಬೇಸಿಗೆಯದಕ್ಕಿಂತ ಅದು ಅರ್ಧದಿಂದ ಒಂದು ಮಿಲಿಮೀಟರ್ ಗಿಡ್ಡ ಇರುತ್ತದೆ. ಮುಂದಿನ ವರ್ಷದಿಂದ ತಂತಿ ಬದಲಿಸುವ ದಿನ ಸ್ಯಾಡಲನ್ನೂ ಬದಲಿಸಿದರೆ ಮುಗಿಯಿತು. ಪ್ಲೈ ಟಾಪಿಗೆ ಇದರ ಅಗತ್ಯ ಬೀಳುವುದು ಕಡಿಮೆ.

ತಂತಿಯ ವಿಷಯ. ಲೈಟ್ ಎಂದು ಮಾರುವ 12ರ ಸೆಟ್ (ಅತಿ ತೆಳು ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 12 ಪಾಲು) ಶ್ರುತಿಗೆ ಬಂದಾಗ ಆರೂ ತಂತಿ ಸೇರಿ ಸುಮಾರು 73 ಕಿಲೋ ಎಳೆಯುತ್ತವೆ. ನಿಮ್ಮ 50 ಕಿಲೋ ಕಾಫಿ ಚೀಲದ ಲೆಕ್ಕದಲ್ಲಿ ಸುಮಾರು ಒಂದೂವರೆ ಚೀಲವನ್ನು ಹಗಲು ರಾತ್ರಿ ಆ ತೆಳು ಹಲಗೆಗೆ ನೇತುಹಾಕಿದ ಹಾಗೆ. ಮಳೆಗಾಲದಲ್ಲಿ ಮರ ಮೆತ್ತಗಾದಾಗಲೂ ಇಷ್ಟೇ ಭಾರ. ಕಲಿಯುವವರು 11ರ ಸೆಟ್ ಹಾಕಿ. 12ರದ್ದೇ ಬೇಕೆನ್ನುವವರು ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿ, ಒಂದನೇ ಫ್ರೆಟ್‌ಗೆ ಕ್ಯಾಪೊ, ಅಂದರೆ ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿ ನುಡಿಸಿ. ಅರ್ಧ ಸ್ವರ ಇಳಿಸಿದರೆ ಎಳೆತ ಶೇ 11ರಷ್ಟು ಇಳಿಯುತ್ತದೆ, ಒಟ್ಟು ಎಂಟು ಕಿಲೋ. ಹಿಂದಿನ ಸಾಲಿನಿಂದ ನೈಲಾನ್ ತಂತಿಯ ಗಿಟಾರಿಗೆ ಸ್ಟೀಲ್ ತಂತಿ ಹಾಕಬಹುದೇ ಎಂದು ಕೇಳಿದಿರಿ. ಖಂಡಿತ ಬೇಡ. ಅದನ್ನು ಕಟ್ಟಿರುವುದು ಇದರ ಅರ್ಧಕ್ಕಿಂತ ತುಸು ಹೆಚ್ಚಿನ ಎಳೆತಕ್ಕೆ. ಬ್ರಿಡ್ಜ್ ಎದ್ದು ಬರುತ್ತದೆ.

ಮೊದಲು ತುಕ್ಕು ಹಿಡಿಯುವುದು ಒಂದು ಮತ್ತು ಎರಡನೇ ತಂತಿ, ಅವು ಬರಿ ಸ್ಟೀಲು. ಅಲ್ಲಲ್ಲಿ ಕಂದು ಚುಕ್ಕಿ ಕಂಡ ದಿನವೇ ತೆಗೆಯಿರಿ, ತುಕ್ಕಿನ ತಂತಿ ಅರದ ಹಾಗೆ ಫ್ರೆಟ್ ತಿನ್ನುತ್ತದೆ. ಈ ಎರಡು ತಂತಿ ಬಿಡಿಯಾಗಿ ಸಿಗುತ್ತವೆ, ಮೇ ಕೊನೆಯೊಳಗೆ ನಾಲ್ಕು ಜೊತೆ ತಂದಿಡಿ. ನುಡಿಸಿದ ಮೇಲೆ ಹಳೆಯ ಪಂಚೆಯ ತುಂಡಿನಿಂದ ಪ್ರತಿ ತಂತಿಯನ್ನೂ ಮೇಲೆ ಕೆಳಗೆ ಹಿಡಿದು ಒರೆಸಿ. ಅರ್ಧ ನಿಮಿಷದ ಕೆಲಸ, ತಂತಿಯ ಆಯುಸ್ಸು ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ತೆಳು ಪೊರೆ ಹೊದಿಸಿದ ಕೋಟೆಡ್ ತಂತಿಗಳ ಬೆಲೆ ಎರಡು ಮೂರು ಪಟ್ಟು, ಆದರೆ ನಮ್ಮ ಮಳೆಗಾಲದಲ್ಲಿ ಬಾಳಿಕೆ ಅದಕ್ಕೂ ಮಿಗಿಲು, ಹಾಗಾಗಿ ಜೂನ್‌ನಲ್ಲಿ ಹಾಕಲು ಅವೇ ಲಾಭ. ಶ್ರುತಿ ನಿಲ್ಲುತ್ತಿಲ್ಲ ಎಂದರೆ ಎಲ್ಲರೂ ತಂತಿ ಬಿಗಿಯುವ ಕೀಗಳನ್ನು ಬೈಯುತ್ತಾರೆ. ಕೀ ತಿರುಗಿಸುವಾಗ ನಟ್ ಹತ್ತಿರ ಟಿಕ್ ಟಿಕ್ ಸದ್ದು ಬರುತ್ತಿದೆಯೇ ಕೇಳಿ. ಬಂದರೆ ತಂತಿ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ. 2ಬಿ ಪೆನ್ಸಿಲಿನ ಸೀಸವನ್ನು ಆ ಕಚ್ಚಿಗೆ ತಿಕ್ಕಿದರೆ ಜಾರತೊಡಗುತ್ತದೆ.

ಫ್ರೆಟ್‌ಬೋರ್ಡ್ ಮೇಲೆ ಬಿಳಿ ಬೂಷ್ಟು ಬರುವುದು ಸಹಜ. ಒಣ ಬಟ್ಟೆಯಿಂದ ಒರೆಸಿ, ವರ್ಷಕ್ಕೆ ಎರಡು ಸಲ ಮಿನರಲ್ ಆಯಿಲ್ ನಾಲ್ಕು ಹನಿ ಸವರಿ, ಹತ್ತು ನಿಮಿಷ ಬಿಟ್ಟು ಪೂರ್ತಿ ಒರೆಸಿ ತೆಗೆಯಿರಿ. ಕೊಬ್ಬರಿ ಎಣ್ಣೆ ಬೇಡ, ಮರದೊಳಗೆ ಕುಳಿತು ಕಮಟು ವಾಸನೆ ಬರುತ್ತದೆ, ಬೂಷ್ಟಿಗೂ ಅದೇ ಆಹಾರ.

ಇಡುವ ಜಾಗಕ್ಕೆ ಬರೋಣ. ಒಂದು ಚಿಕ್ಕ ಡಿಜಿಟಲ್ ಆರ್ದ್ರತಾ ಮಾಪಕ ಕೊಳ್ಳಿ, ಬೆಲೆ ಹೆಚ್ಚಿಲ್ಲ. ಅದು ಸುಳ್ಳು ಹೇಳುತ್ತಿದೆಯೋ ನಿಜವೋ ಉಪ್ಪಿನಿಂದ ಪರೀಕ್ಷಿಸಬಹುದು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಕೆಸರಾಗುವಷ್ಟು ಮಾತ್ರ ನೀರು ಹಾಕಿ, ಮಾಪಕದ ಜೊತೆ ಜಿಪ್ ಕವರಿನಲ್ಲಿ ಬಿಗಿಯಾಗಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಶೇ 75 ತೋರಿಸಬೇಕು. 80 ತೋರಿಸಿದರೆ ಮುಂದೆ ಪ್ರತಿ ಸಲ 5 ಕಳೆದು ಓದಿ.

ಚರ್ಮದ ವಾದ್ಯ ತೇವಕ್ಕೆ ಸಡಿಲವಾದರೆ ಬೆಂಕಿಗೆ ತೋರಿಸಿ ಬಿಗಿ ಮಾಡಿಕೊಳ್ಳುತ್ತಾರೆ. ಅದನ್ನು ಕಂಡು ಗಿಟಾರನ್ನೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವವರಿದ್ದಾರೆ. ದಯವಿಟ್ಟು ಬೇಡ. ಮರದ ಅಂಟು 65 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆದುವಾಗತೊಡಗುತ್ತದೆ, ಮೇಲೆ 70 ಕಿಲೋ ಎಳೆತ ಇದ್ದೇ ಇದೆ. ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಜೀಪಿನ ಒಳಗೂ ಅದೇ ಅಪಾಯ. ಬಟ್ಟೆಗೆ ಬೂಷ್ಟು ಬಾರದಿರಲೆಂದು ಬೀರುವಿನಲ್ಲಿ ಬಲ್ಬ್ ಉರಿಸುವ ಉಪಾಯವೂ ಗಿಟಾರಿಗೆ ಹೊಂದುವುದಿಲ್ಲ, ಒಂದು ಬದಿ ಕಾಯುತ್ತದೆ, ಇನ್ನೊಂದು ಬದಿ ತಣ್ಣಗಿರುತ್ತದೆ.

ಇಡೀ ಟಾಪಿನ ಗಿಟಾರ್ ಇರುವವರು ಗಟ್ಟಿ ಪೆಟ್ಟಿಗೆಯಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ ಹಾಕಿಡಿ. ಕಿತ್ತಳೆ ಬಣ್ಣದ್ದು ತನ್ನಿ, ತೇವ ಕುಡಿದಾಗ ಬಣ್ಣ ಬದಲಾಗುತ್ತದೆ. ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಮೊದಲಿನಂತಾಗುತ್ತದೆ. ಮುಚ್ಚಳ ಸಂದು ಬಿಡುವ ಪೆಟ್ಟಿಗೆಯಾದರೆ ಈ ಶ್ರಮವೆಲ್ಲ ವ್ಯರ್ಥ, ಇಡೀ ಮನೆಯ ತೇವವನ್ನು ಅರ್ಧ ಕಿಲೋ ಹೀರಲಾರದು. ಮಳೆಯಲ್ಲಿ ನೆನೆದ ಬಟ್ಟೆಯ ಬ್ಯಾಗಿನಲ್ಲಂತೂ ಯಾವ ಗಿಟಾರನ್ನೂ ರಾತ್ರಿ ಬಿಡಬೇಡಿ. ಒಳಗಿನ ಸ್ಪಂಜು ವಾರವಾದರೂ ಒಣಗುವುದಿಲ್ಲ, ಪ್ಲೈಯೂ ಅಂಚಿನಿಂದ ಪದರ ಬಿಡುವುದು ಅಂಥ ಬ್ಯಾಗಿನಲ್ಲೇ.

ಪ್ಲೈ ಗಿಟಾರಿಗೆ ಪೆಟ್ಟಿಗೆ ಬೇಡ, ಗೋಡೆಯೇ ಸಾಕು. ಆದರೆ ಯಾವ ಗೋಡೆ ಎಂದು ನೋಡಿ. ಮುಂಗಾರು ಹೊಡೆಯುವ ಪಡುವಣ, ತೆಂಕಣ ದಿಕ್ಕಿನ ಹೊರಗೋಡೆಗಳು ಒಳಮೈಯಲ್ಲೂ ಜಿನುಗುತ್ತವೆ. ಅಂಗೈ ಇಟ್ಟರೆ ತಣ್ಣಗೆ ಅಂಟುತ್ತದಲ್ಲ, ಅವು ಬೇಡ. ಎರಡು ಕೋಣೆಗಳ ನಡುವಿನ ಒಳಗೋಡೆ ಆರಿಸಿ. ಅಡುಗೆಮನೆಗೂ ಹಾಲ್‌ಗೂ ನಡುವಿನದಾದರೆ ಇನ್ನೂ ಒಳ್ಳೆಯದು. ಗಿಟಾರ್ ತೂಕ ಎರಡು ಕಿಲೋ ಆಸುಪಾಸು, ರಾಲ್ ಪ್ಲಗ್ ಹಾಕಿ ಎರಡು ಸ್ಕ್ರೂ ಬಿಗಿದ ಕೊಕ್ಕೆ ಧಾರಾಳವಾಗಿ ಹೊರುತ್ತದೆ. ಹಳೆಯ ಮಣ್ಣಿನ ಗೋಡೆಯಾದರೆ ಮೊದಲು ಒಂದು ಮರದ ಪಟ್ಟಿ ಹೊಡೆದು ಅದಕ್ಕೆ ಕೊಕ್ಕೆ ಹಾಕಿ. ಕೂತಲ್ಲಿಂದ ಎದ್ದು ಕೈಚಾಚಿದರೆ ಸಿಗುವ ಎತ್ತರದಲ್ಲಿರಲಿ, ಗೋಡೆಗೂ ಗಿಟಾರಿನ ಬೆನ್ನಿಗೂ ನಡುವೆ ಎರಡು ಬೆರಳು ಗಾಳಿ ಆಡಲಿ.